ವಾರಕ್ಕೆ ಒಂದು

ಜಯನಗರ ನಾಲ್ಕನೇ ಟಿ ಬ್ಲಾಕ್, ಬೆಂಗಳೂರು
ಶುಕ್ರವಾರ, ೭ ನವೆಂಬರ್ ೨೦೨೫, ಸಂಜೆ

ಬಸವಪ್ರಸಾದನ ಅಪ್ಪನವರಿಗೆ ಜಯದೇವಿ ಮಾಡುವ ಶರಣು.

ಮನೆಯಲ್ಲಿದ್ದಿದ್ದರೆ ಅಡುಗೆಮನೆಯಿಂದಲೇ "ರೀ" ಎಂದು ಒಂದು ಕೂಗು ಹಾಕಿದ್ದರೆ ಸಾಕಿತ್ತು. ಕಾಗದದಲ್ಲಿ ಗಂಡನನ್ನು ಹೇಗೆ ಕರೆಯಬೇಕೆಂದು ಈ ವಯಸ್ಸಿನಲ್ಲೂ ಗೊತ್ತಾಗದೆ ಮಗನ ಹೆಸರನ್ನು ಅಡ್ಡ ಹಿಡಿದಿದ್ದೇನೆ. ನಿಮ್ಮ ಮಂಡಿ ಹೇಗಿದೆ? ಬಾವು ಇಳಿಯಿತೇ? ಅಲ್ಲಿ ಚಳಿ ಜಾಸ್ತಿಯಂತೆ, ಮಫ್ಲರ್ ಕಟ್ಟಿಕೊಳ್ಳುತ್ತಿದ್ದೀರಾ ಅಥವಾ ಹಠಕ್ಕೆ ಹಾಗೇ ಓಡಾಡುತ್ತಿದ್ದೀರಾ? ಜೀವಮಾನವಿಡೀ ಮಾತ್ರೆ ಮಾರಿದವರು, ಮಾತ್ರೆಯ ಹೆಸರೆತ್ತಿದರೆ ಮುಖ ಸಿಂಡರಿಸುವ ಪ್ರಕೃತಿ ಚಿಕಿತ್ಸೆಯವರ ಕೈಗೆ ಸಿಕ್ಕಿ, ಹೊಟ್ಟೆಗೆ ಮಣ್ಣು ಮೆತ್ತಿಸಿಕೊಂಡು ಮಲಗಿದ್ದೀರಿ ಎಂದು ನೆನೆದರೆ ನಗು ಬರುತ್ತದೆ. ಬರುತ್ತಿತ್ತು ಎನ್ನಬೇಕು. ಈ ನಾಲ್ಕು ದಿನದಿಂದ ನಗು ಬಂದಿಲ್ಲ.

ಮನೆಯಲ್ಲಿ ಎಲ್ಲರೂ ಸೌಖ್ಯ. ಬಸವಪ್ರಸಾದ್ ಆಡಿಟ್ ಎಂದು ಶಿವಮೊಗ್ಗಕ್ಕೆ ಹೋಗಿದ್ದಾನೆ, ಸೋಮವಾರ ಬರುತ್ತಾನೆ. ಸೊಸೆ ಶ್ರೀದೇವಿ ಶಾಲೆಯ ಮಕ್ಕಳಿಂದ ರಾಜ್ಯೋತ್ಸವದ ನಾಟಕ ಮಾಡಿಸಿ ಗಂಟಲು ಕಟ್ಟಿಸಿಕೊಂಡಿದ್ದಾಳೆ. ನಿಮ್ಮ ಫೋನನ್ನು ಆಶ್ರಮದವರು ಗೇಟಿನಲ್ಲೇ ಇಸಿದುಕೊಳ್ಳುತ್ತಾರೆಂದು ಗೊತ್ತಿದ್ದೂ ಅವರ ಆಫೀಸಿಗೆ ಮತ್ತೆ ಮತ್ತೆ ಫೋನ್ ಮಾಡಿದೆ. ನೀವು ಮೌನದಲ್ಲಿದ್ದೀರಂತೆ, ಭಾನುವಾರ ಮಾತಾಡಬಹುದಂತೆ. ಅರ್ಜೆಂಟ್ ಎಂದೆ. "ಮನೇಲಿ ಯಾರಾದ್ರೂ ಹೋಗ್ಬಿಟ್ರಾ ಅಮ್ಮ?" ಎಂದು ಬಹಳ ಮೆತ್ತಗೆ ಕೇಳಿದರು. ಇನ್ನೂ ಇಲ್ಲ ಎಂದೆ. ಹಾಗಾದರೆ ಭಾನುವಾರವೇ ಎಂದರು. ನಿಮ್ಮ ಚಿಕ್ಕಪ್ಪನ ಮಗ ದುಂಡಪ್ಪ, ಅಲ್ಲೇ ಇರುವ ಹೆಂಡತಿಯನ್ನು ಕರೆತರಲು ನಾಳೆ ಬೆಳಿಗ್ಗೆ ಕಾರಿನಲ್ಲಿ ಹೊರಡುತ್ತಿದ್ದಾನೆ. ಅವನ ಕೈಯಲ್ಲಿ ಈ ಕಾಗದ ಕೊಡುತ್ತಿದ್ದೇನೆ. ಕೂತು ಓದಿ, ನಿಂತು ಓದಬೇಡಿ.

ವಿಷಯ ನಮ್ಮ ಪಕ್ಕದ ಮನೆಯ ಸೀತಮ್ಮನವರದು. ನೀವು ಹೊರಟ ಮರುದಿನ ಅವರು ಕೈಬೆರಳಿನ ಬಾವು ತೋರಿಸಲು ಆಸ್ಪತ್ರೆಗೆ ಹೋಗಿದ್ದರು. ಬೆಳಿಗ್ಗೆ ಎದ್ದರೆ ಬೆರಳು ಮಡಚಲಾಗದೆ, ರಂಗೋಲಿ ಪುಡಿ ಹಿಡಿಯುವುದಕ್ಕೂ ಒದ್ದಾಡುತ್ತಿದ್ದದ್ದು ನಿಮಗೆ ಗೊತ್ತೇ ಇದೆ. ಡಾಕ್ಟರು ಕೀಲುವಾತ ಎಂದು ಹೇಳಿ ಒಂದು ಸಣ್ಣ ಹಳದಿ ಮಾತ್ರೆ ಬರೆದುಕೊಟ್ಟರಂತೆ. ಇಂಗ್ಲಿಷಿನಲ್ಲಿ ಏನೋ ಗಡಗಡ ಹೇಳಿದರಂತೆ, ಇವರು ತಲೆಯಾಡಿಸಿದರಂತೆ. ಮಗ ಆಶ್ರಿತ್ ಆ ಹೊತ್ತಿನಲ್ಲಿ ಕಾರು ನಿಲ್ಲಿಸಲು ಜಾಗ ಹುಡುಕುತ್ತ ಆಸ್ಪತ್ರೆಗೆ ಪ್ರದಕ್ಷಿಣೆ ಹಾಕುತ್ತಿದ್ದನಂತೆ. ದಾರಿಯುದ್ದಕ್ಕೂ ಮೆಡಿಕಲ್ ಸ್ಟೋರುಗಳಿದ್ದರೂ ಸೀತಮ್ಮ ಅಲ್ಲೆಲ್ಲೂ ಕೊಳ್ಳದೆ ನಮ್ಮ ಮೂಲೆಯ ಅಂಗಡಿಗೇ ಬಂದರು, ನೀವು ಹೋದ ವರ್ಷ ಮಾರಿದ ಅಂಗಡಿಗೆ. ಯಾಕೆಂದು ಆಮೇಲೆ ಅವರೇ ನನಗೆ ಹೇಳಿದರು. "ನಿಮ್ಮನೇವ್ರ ಫೋಟೋ ಇದೆಯಲ್ರೀ ಜಯದೇವಮ್ಮ, ಒಂಥರಾ ಧೈರ್ಯ."

ಆ ಫೋಟೋದ ಮೇಲೆ ನನಗೆ ಮೊದಲಿಂದಲೂ ಸಿಟ್ಟು. ಅಂಗಡಿ ಮಾರಿದಿರಿ, ಸರಿ. ಮಂಡಿ ಮಾತು ಕೇಳುತ್ತಿರಲಿಲ್ಲ, ಮೊಬೈಲು ಒತ್ತಿದರೆ ಔಷಧ ಬಾಗಿಲಿಗೆ ಬರುವ ಕಾಲ, ಎಷ್ಟು ದಿನವೆಂದು ಏಗುತ್ತೀರಿ? ಆದರೆ ನಿಮ್ಮ ಫಾರ್ಮಸಿಸ್ಟ್ ಸರ್ಟಿಫಿಕೇಟನ್ನು, ಫೋಟೋ ಸಮೇತ, ಅದೇ ಗೋಡೆಯ ಮೇಲೆ ಬಾಡಿಗೆಗೆ ಬಿಟ್ಟು ಬಂದಿರಿ. ಫಾರ್ಮಸಿಸ್ಟ್ ಇಲ್ಲದೆ ಅಂಗಡಿ ತೆರೆಯುವ ಹಾಗಿಲ್ಲ, ನಿಜವಾದ ಫಾರ್ಮಸಿಸ್ಟನ್ನು ಕೂರಿಸಲು ಹೊಸ ಮಾಲೀಕನಿಗೆ ಮನಸ್ಸಿಲ್ಲ. ಬೇಡ ಎಂದೆ ನಾನು. "ಎಲ್ಲಾ ಕಡೆ ಹೀಗೇ ಕಣೇ ನಡೆಯೋದು" ಎಂದಿರಿ. ಮೊದಮೊದಲು ಸಂಜೆ ಹೊತ್ತು ಹೋಗಿ ಕೂತು ಬರುತ್ತಿದ್ದಿರಿ, ಯುಗಾದಿ ಕಳೆದ ಮೇಲೆ ಅದೂ ನಿಂತಿತು. ಮೀಸೆ ಕಪ್ಪಗಿದ್ದ ಕಾಲದ ನಿಮ್ಮ ಫೋಟೋ ಮಾತ್ರ ದಿನಾ ಡ್ಯೂಟಿ ಮಾಡುತ್ತಿದೆ.

ಆ ಫೋಟೋಗೆ ಅಷ್ಟು ಬೆಲೆ ಎಲ್ಲಿಂದ ಬಂತೆಂದು ನಿಮಗೆ ನಾನು ನೆನಪಿಸಬೇಕೇ? ನಿಮ್ಮ ಅಜ್ಜನವರದು ತಿಪಟೂರಿನಲ್ಲಿ ಗ್ರಂಧಿಗೆ ಅಂಗಡಿ. ಹಿಪ್ಪಲಿ, ಬಜೆ, ಅಳಲೆಕಾಯಿ ಯಾರು ಕೇಳಿದರೂ ಕೊಡುತ್ತಿದ್ದರು, ವಿಷದ ಬೇರನ್ನು ಮಾತ್ರ ಗುಲಗಂಜಿ ಇಟ್ಟು ತೂಗಿ, ಕೊಳ್ಳುವವರ ಮುಖ ನೋಡಿ ಕೊಡುತ್ತಿದ್ದರಂತೆ. ಮನೆಯಲ್ಲಿ ಜಗಳವಾಡಿಕೊಂಡು ಬಂದ ಮುಖ ಅನ್ನಿಸಿದರೆ "ಇವತ್ತು ಸರಕಿಲ್ಲ, ನಾಳೆ ಬಾರವ್ವ" ಎಂದು ಕಳಿಸಿಬಿಡುತ್ತಿದ್ದರಂತೆ. ಮಾವನವರು ವಿಲ್ಸನ್ ಗಾರ್ಡನ್ನಿನ ಡಿಸ್ಪೆನ್ಸರಿಯಲ್ಲಿ ಕಾಂಪೌಂಡರ್. ಅದನ್ನು ನಾನೇ ಕಣ್ಣಾರೆ ನೋಡಿದ್ದೇನೆ. ಜನ ಮನೆಯಿಂದ ಸೀಸೆ ತೊಳೆದುಕೊಂಡು ಬರುತ್ತಿದ್ದರು. ಮಾವನವರು ಕೆಂಪು ಮಿಕ್ಸ್ಚರ್ ತುಂಬಿ, ಕಾಗದದ ಪಟ್ಟಿಯನ್ನು ಕಚ್ಚು ಕಚ್ಚಾಗಿ ಕತ್ತರಿಸಿ ಸೀಸೆಯ ಬೆನ್ನಿಗೆ ಅಂಟಿಸುತ್ತಿದ್ದರು. ಒಂದು ಹೊತ್ತಿಗೆ ಒಂದು ಕಚ್ಚು, ಅಕ್ಷರ ಬಾರದವರಿಗೂ ತಿಳಿಯುತ್ತಿತ್ತು. ವಿಷದ ಬೀರುವಿನ ಬೀಗದ ಕೈ ಅವರ ಉಡುದಾರದಲ್ಲಿ, ಸ್ನಾನಕ್ಕೆ ಹೋದರೂ ಬಿಚ್ಚುತ್ತಿರಲಿಲ್ಲ. "ಡಾಕ್ಟ್ರು ತಪ್ಪಿದ್ರೆ ಕಾಂಪೌಂಡರು ತಡೀತಾನೆ ತಾಯಿ. ಕಾಂಪೌಂಡರ್ ತಪ್ಪಿದ್ರೆ ತಡೆಯೋಕೆ ಮುಂದೆ ಯಾರೂ ಇಲ್ಲ" ಎಂದು ಊಟಕ್ಕೆ ಕೂತಾಗ ಹೇಳುತ್ತಿದ್ದರು. ನಾನು ಅನ್ನ ಬಡಿಸುತ್ತ ಹೂಂ ಎನ್ನುತ್ತಿದ್ದೆ, ಅರ್ಥ ಈಗ ಆಗುತ್ತಿದೆ.

ನಿಮ್ಮ ಕಾಲಕ್ಕೆ ಸೀಸೆ ಹೋಗಿ ಸ್ಟ್ರಿಪ್ಪು ಬಂತು. ನೀವೂ ಏನು ಕಡಿಮೆ ಇರಲಿಲ್ಲ. ಮದುವೆ ಮನೆಯ ಪಂಕ್ತಿಯಲ್ಲೂ ಜನ ಹೋಳಿಗೆ ಪಕ್ಕಕ್ಕಿಟ್ಟು ನಿಮಗೆ ನಾಲಗೆ ತೋರಿಸುತ್ತಿದ್ದರಲ್ಲ! ವಾರಕ್ಕೆ ಒಂದೇ ಒಂದು ತೆಗೆದುಕೊಳ್ಳಬೇಕಾದ ಮಾತ್ರೆಯ ಚೀಟಿ ಬಂದರೆ ಕೌಂಟರಿನಿಂದ ಈಚೆ ಬಂದು ನಿಲ್ಲುತ್ತಿದ್ದಿರಿ. ಪೂರ್ತಿ ಸ್ಟ್ರಿಪ್ ಎಂದೂ ಕೊಟ್ಟವರಲ್ಲ, ಕತ್ತರಿ ತೆಗೆದು ತಿಂಗಳಿಗೆ ನಾಲ್ಕು ಕತ್ತರಿಸಿ ಕೊಡುತ್ತಿದ್ದಿರಿ. "ನಿಮ್ಮ ದೇವ್ರ ವಾರ ಯಾವ್ದು?" ಎಂದು ಕೇಳುತ್ತಿದ್ದಿರಿ. ನಮ್ಮವರಿಗೆ ಸೋಮವಾರ, ರಾಯರ ಭಕ್ತರಿಗೆ ಗುರುವಾರ, ತಿಮ್ಮಪ್ಪನ ಒಕ್ಕಲಿಗೆ ಶನಿವಾರ, ತಿಲಕ್‌ನಗರದಿಂದ ಬರುವ ಮುಸ್ಲಿಮರಿಗೆ ಜುಮ್ಮಾ ನಮಾಜಿನ ಶುಕ್ರವಾರ, ಚರ್ಚಿಗೆ ಹೋಗುವವರಿಗೆ ಭಾನುವಾರ. ದೇವರ ವಾರವನ್ನು ಮರೆತವರಿಲ್ಲ, ಹಾಗೆಯೇ ಮಾತ್ರೆಯನ್ನೂ ತಪ್ಪಿಸಲಿಲ್ಲ, ಹೆಚ್ಚೂ ನುಂಗಲಿಲ್ಲ. ಕೊನೆಗೆ "ಏನಂದೆ, ಹೇಳಿ ನೋಡಣ" ಎಂದು ಪಾಠ ಒಪ್ಪಿಸಿಕೊಂಡೇ ಬಿಡುತ್ತಿದ್ದಿರಿ. ಮಾತ್ರೆ ಮೇಷ್ಟ್ರು ಎಂದು ಬೆನ್ನ ಹಿಂದೆ ಆಡಿಕೊಂಡವರೂ ಇದ್ದರು, ಆದರೆ ನಿಮ್ಮ ಕೈಯಿಂದ ಯಾರಿಗೂ ಏನೂ ಆಗಲಿಲ್ಲ.

ಈಗ ಆ ಕೌಂಟರಿನಲ್ಲಿರುವವನು ಒಡಿಶಾದವನು. ಕೆಟ್ಟವನಲ್ಲ, ಇಬ್ಬರು ಮಕ್ಕಳ ತಂದೆ, ನಗುತ್ತಲೇ ಇರುತ್ತಾನೆ. ಫಾರ್ಮಸಿ ಓದಿದವನಲ್ಲ, ಮೊದಲು ಯಾವುದೋ ಬಟ್ಟೆ ಅಂಗಡಿಯಲ್ಲಿದ್ದನಂತೆ. "ಕನ್ನಡ ಬರಲ್ಲ ಅಂದ್ರೆ ಇಲ್ಲೇನ್ ಕೆಲಸ ನಿಂಗೆ" ಎಂದು ಗಿರಾಕಿಗಳು ಜೋರು ಮಾಡಿದ ಮೇಲೆ, ಪಾಪ, ಕಷ್ಟಪಟ್ಟು ಅಕ್ಷರ ಕಲಿತ. ಈಗ ಮಾತ್ರೆಯ ಲಕೋಟೆಯ ಮೇಲೆ ತಾನೇ ಕನ್ನಡದಲ್ಲಿ ಬರೆದು ಕೊಡುತ್ತಾನೆ. ನಮ್ಮ ರಸ್ತೆಯವರಿಗೆಲ್ಲ ಅದೊಂದು ಹೆಮ್ಮೆ. ರಾಜ್ಯೋತ್ಸವದ ದಿನ ಅವನ ಕೊರಳಿಗೆ ಕೆಂಪು ಹಳದಿ ಶಾಲು ಹಾಕಿ ಫೋಟೋ ತೆಗೆಸಿಕೊಂಡರು.

ಮಂಗಳವಾರ ಬೆಳಿಗ್ಗೆ ಸೀತಮ್ಮನ ಮನೆಯ ಮುಂದೆ ರಂಗೋಲಿ ಇರಲಿಲ್ಲ. ಮಳೆಯಾದರೂ ಛತ್ರಿ ಹಿಡಿದು ಎರಡು ಎಳೆ ಎಳೆಯುವ ಹೆಂಗಸು. ಮನಸ್ಸು ತಡೆಯದೆ ಒಂದು ಲೋಟ ಮಜ್ಜಿಗೆ ಹಿಡಿದು ಹೋದೆ. ಅವರ ಸೊಸೆ ವಿಭಾ "ಏನಿಲ್ಲ ಆಂಟಿ, ಉಷ್ಣ ಆಗಿದೆ" ಎಂದಳು. ಸೀತಮ್ಮನ ತುಟಿಗೆ ಬೆಣ್ಣೆ ಹಚ್ಚಿದ್ದರು, ಕಾಮಕಸ್ತೂರಿ ಬೀಜ ನೆನೆಹಾಕಿದ್ದರು. ನಮ್ಮಲ್ಲಿ ಬಾಯಿ ಹುಣ್ಣಾದರೆ ಉಷ್ಣ ಬಿಟ್ಟು ಬೇರೆ ಕಾರಣವೇ ಇಲ್ಲವಲ್ಲ. ನಾನು ಬಾಯಿ ತೆರೆಸಿ ನೋಡಿದೆ. ಒಳಗೆಲ್ಲ ಬೆಂದ ಹಾಗಿತ್ತು. ಮಜ್ಜಿಗೆ ಒಂದು ಗುಟುಕೂ ಇಳಿಯಲಿಲ್ಲ. ಮೈ ಸುಡುತ್ತಿತ್ತು, ತೋಳಿನ ಮೇಲೆ ಸೊಳ್ಳೆ ಕಚ್ಚಿದಂತೆ ಕೆಂಪು ಚುಕ್ಕಿಗಳಿದ್ದವು, ಒತ್ತಿ ನೋಡಿದರೆ ಮಾಸಲಿಲ್ಲ. ನನಗೆ ಭಯವಾಯಿತು. ಏನಾದರೂ ಹೊಸ ಮಾತ್ರೆ ತೆಗೆದುಕೊಂಡಿರಾ ಎಂದು ಕೇಳಿದೆ. ರಾಯರ ಪಟದ ಕಡೆ ಕೈ ತೋರಿಸಿದರು. ಪಟದ ಕೆಳಗೆ ಲಕೋಟೆ, ಅದರೊಳಗೆ ಸ್ಟ್ರಿಪ್ಪು. ಪೂರ್ತಿ ಸ್ಟ್ರಿಪ್ಪು, ಪೂರ್ತಿ ಖಾಲಿ.

ಲಕೋಟೆಯ ಮೇಲೆ ಗುಂಡಗೆ ಬರೆದಿತ್ತು: "1 ವಾರ 1". ವಾರಕ್ಕೆ ಒಂದು ಎಂದು ಬರೆಯಬೇಕಿತ್ತು. ಅವನ ಲೆಕ್ಕದಲ್ಲಿ ಅವನು ಬರೆದದ್ದೂ ಅದೇ, ಒಂದು ವಾರ, ಒಂದು ಮಾತ್ರೆ. ಸೀತಮ್ಮ ಓದಿಕೊಂಡದ್ದು ಒಂದು ವಾರದ ತನಕ ದಿನಕ್ಕೊಂದು ಎಂದು. ಕನ್ನಡ ಬಲ್ಲ ಯಾರಾದರೂ ಹಾಗೆಯೇ ಓದುತ್ತಾರೆ. "ಕ್ಕೆ" ಎನ್ನುವ ಒಂದಕ್ಷರ ಬಿದ್ದುಹೋಗಿದೆ, ಅಷ್ಟೇ ರೀ. ನಮ್ಮ ಮನೆಯಲ್ಲಿ ಇಷ್ಟು ವರ್ಷ ನಿಮ್ಮ ಬಾಯಲ್ಲಿ ಕೇಳಿ ಕೇಳಿ ನನಗೆ ಬೇಸರ ಬಂದಿದ್ದ "ವಾರಕ್ಕೆ, ವಾರಕ್ಕೆ" ಎನ್ನುವ ಆ ಮಾತು! "ಮಿಕ್ಕಿದ್ದನ್ನ ಯಾಕೆ ಬಿಸಾಕೋದು ಅಂತ ಅದನ್ನೂ ಮುಗಿಸಿದೆ ಜಯದೇವಮ್ಮ, ಕೈನೋವು ವಾಸಿ ಅನ್ನಿಸ್ತಿತ್ತು" ಎಂದು ಸೀತಮ್ಮ ತೊದಲಿದರು. ಉಂಡ ಎಲೆಯಲ್ಲಿ ಒಂದು ಅಗುಳು ಬಿಡದ ಜೀವ ಅದು, ಮಾತ್ರೆಯನ್ನು ಹೇಗೆ ಬಿಟ್ಟಾರು?

ಅವತ್ತೇ ಆಸ್ಪತ್ರೆಗೆ ಸೇರಿಸಿದರು. ಐಸಿಯುನಲ್ಲಿದ್ದಾರೆ. ರಕ್ತ ಹುಟ್ಟುವ ಜಾಗದಲ್ಲೇ ರಕ್ತ ಹುಟ್ಟುತ್ತಿಲ್ಲ, ಸಣ್ಣ ನೆಗಡಿ ಬಂದರೂ ತಡೆಯುವ ಶಕ್ತಿ ಮೈಯಲ್ಲಿಲ್ಲ ಎಂದು ಡಾಕ್ಟರು ಶ್ರೀದೇವಿಗೆ ಬಿಡಿಸಿ ಹೇಳಿದರಂತೆ. ನಿಮಗೆ ಇದನ್ನೆಲ್ಲ ನಾನು ವಿವರಿಸಬೇಕಾಗಿಲ್ಲ. ನಿನ್ನೆ ಗಾಜಿನ ಆಚೆಯಿಂದ ನೋಡಿದೆ. ಮುಖ ಗುರುತು ಸಿಗುವುದಿಲ್ಲ. ಕೈಬೆರಳಿನ ಬಾವು ಮಾತ್ರ ಪೂರ್ತಿ ಇಳಿದಿದೆ.

ಇವತ್ತು ಮಧ್ಯಾಹ್ನ ಆಶ್ರಿತ್ ಬಂದಿದ್ದ. ಒಳಗೆ ಕರೆದರೆ ಬರಲಿಲ್ಲ, ಹೊಸಿಲ ಆಚೆಯೇ ನಿಂತು ಮೊಬೈಲಿನಲ್ಲಿ ನಿಮ್ಮ ಸರ್ಟಿಫಿಕೇಟಿನ ಚಿತ್ರ ತೋರಿಸಿದ. "ಅಮ್ಮಂಗೆ ಮಾತ್ರೆ ಕೊಟ್ಟಾಗ ಅಂಕಲ್ ಅಂಗಡೀಲಿ ಇದ್ರಾ ಆಂಟಿ?" ನಾವೆತ್ತಿ ಆಡಿಸಿದ ಹುಡುಗ, ನನ್ನ ಮುಖ ನೋಡದೆ ಕೇಳಿದ. ಇರಲಿಲ್ಲಪ್ಪ ಎಂದೆ. ಮೊಬೈಲು ಜೇಬಿಗೆ ಹಾಕಿಕೊಂಡು ಹೊರಟುಹೋದ. ಅವನು ಹೋದ ಸ್ವಲ್ಪ ಹೊತ್ತಿಗೆ ಅಂಗಡಿಯ ಮಾಲೀಕನ ಫೋನು. ಬಹಳ ನಯ, ಬಹಳ ಮರ್ಯಾದೆ. "ಅಂಕಲ್ ಆವತ್ತು ಇಲ್ಲೇ ಇದ್ರು, ವಾರಕ್ಕೊಂದು ಅಂತ ಬಾಯಲ್ಲೂ ಹೇಳಿ ಕೊಟ್ರು ಅಂತ ಒಂದ್ಮಾತು ಹೇಳ್ಬಿಟ್ರೆ ಯಾರಿಗೂ ತೊಂದ್ರೆ ಇಲ್ಲ ಆಂಟಿ. ಅಜ್ಜಿಗೆ ಮರೆವು ಅಂತ ಆಗತ್ತೆ." ಭಾನುವಾರ ತಾನೇ ಆಶ್ರಮಕ್ಕೆ ಬಂದು ನಿಮ್ಮನ್ನು ನೋಡುತ್ತಾನಂತೆ. ನೀವು ಎಲ್ಲಿದ್ದೀರೆಂದು ನಾನಂತೂ ಹೇಳಿಲ್ಲ, ಅವನಿಗೆ ಆಗಲೇ ಗೊತ್ತಿತ್ತು.

ನನಗೆ ಹೆದರಿಕೆಯಾಗಿರುವುದು ಅವನ ಬಗ್ಗೆ ಅಲ್ಲ, ನಿಮ್ಮ ಬಗ್ಗೆ. ಇರಲಿಲ್ಲ ಎಂದರೆ ಮೂರು ತಲೆಮಾರು ಗಳಿಸಿದ ಹೆಸರು ಮಣ್ಣುಪಾಲು, ಕೋರ್ಟು ಕಚೇರಿ ಬೇರೆ. ಇದ್ದೆ ಎಂದುಬಿಟ್ಟರೆ ತಪ್ಪೆಲ್ಲ ಸೀತಮ್ಮನ ತಲೆಗೆ, ಬುದ್ಧಿ ಕೆಟ್ಟ ಮುದುಕಿ ಎಂದು. ನೀವು ಸುಳ್ಳು ಹೇಳುವವರಲ್ಲ, ಆದರೆ ಮುಖ ನೋಡಿ ಕೇಳಿದರೆ ಇಲ್ಲ ಎನ್ನಲು ಬಾರದವರು. ಸರ್ಟಿಫಿಕೇಟ್ ಕೇಳಿದಾಗಲೂ ಹಾಗೆಯೇ ಆದದ್ದು. ಅದಕ್ಕೇ ಭಾನುವಾರಕ್ಕೆ ಕಾಯಬೇಡಿ. ದುಂಡಪ್ಪನ ಕಾರಿನಲ್ಲೇ ಬನ್ನಿ. ಬಂದು ನಿಮ್ಮ ಕೈಯಿಂದಲೇ ಆ ಫೋಟೋ ಇಳಿಸಿ, ಆಶ್ರಿತ್‌ನ ಎದುರು ನಿಂತು ಇದ್ದದ್ದು ಇದ್ದ ಹಾಗೆ ಹೇಳಿ. ಅವನು ಬೈದರೆ ಬೈಸಿಕೊಳ್ಳೋಣ, ನಾನು ನಿಮ್ಮ ಪಕ್ಕದಲ್ಲೇ ನಿಂತಿರುತ್ತೇನೆ. ನಿಮ್ಮ ಮೇಲೆ ಸಿಟ್ಟಿದೆ, ಆದರೆ ನಿಮ್ಮನ್ನು ಒಬ್ಬರನ್ನೇ ಬಿಡುವಷ್ಟು ಇಲ್ಲ.

ಶ್ರೀದೇವಿ ನಮಸ್ಕಾರ ತಿಳಿಸಿದ್ದಾಳೆ. ದುಂಡಪ್ಪನ ಹೆಂಡತಿಗೆ ನಾನು ಕೇಳಿದೆನೆಂದು ಹೇಳಿ. ಬರುವಾಗ ಕಿಟಕಿ ಏರಿಸಿಕೊಳ್ಳಿ, ತಂಡಿ ಗಾಳಿ ಮಂಡಿಗೆ ಆಗುವುದಿಲ್ಲ. ಬಸವಣ್ಣ ನಿಮ್ಮನ್ನೂ ಸೀತಮ್ಮನನ್ನೂ ಕಾಯಲಿ.

ನಿಮ್ಮ
ಜಯದೇವಿ

ತಾ.ಕ. ಶನಿವಾರ ಬೆಳಿಗ್ಗೆ. ದುಂಡಪ್ಪ ಗೇಟಿನಲ್ಲಿ ಹಾರ್ನ್ ಹೊಡೆಯುತ್ತಿದ್ದಾನೆ. ಹಾಲು ತರಲು ಹೋದವಳು ಅಂಗಡಿಗೆ ಹೋಗಿಬಂದೆ. ಕೌಂಟರಿನವನಿಗೆ ಮಾಲೀಕ ಸೀತಮ್ಮನ ವಿಷಯ ಹೇಳಿಯೇ ಇಲ್ಲ. ನನ್ನ ಹತ್ತಿರವೇ ಉಳಿದಿದ್ದ ಲಕೋಟೆ ತೋರಿಸಿ, ಈ ಮಾತ್ರೆಯನ್ನು ಬೇರೆ ಯಾರಿಗಾದರೂ ಹೀಗೆ ಬರೆದು ಕೊಟ್ಟೆಯಾ ಎಂದು ಕೇಳಿದೆ. "ಎಲ್ಲರಿಗೂ ಹೀಗೇ ಆಂಟಿ, ಕನ್ನಡದಲ್ಲೇ" ಎಂದು ಖುಷಿಯಿಂದ ಹೇಳಿದ. ವಿಷಯ ತಿಳಿದ ಮೇಲೆ ಬಿಲ್ ಪುಸ್ತಕ ತಿರುವಿ ತಿರುವಿ ನೋಡಿದ. ಇನ್ನೂ ಮೂವರಿಗೆ ಕೊಟ್ಟಿದ್ದಾನಂತೆ, ಹೆಸರು, ನಂಬರು ಏನೂ ಇಲ್ಲ, ಎಲ್ಲರೂ ಬಿಲ್ಲು ಬೇಡ ಎಂದವರೇ. ಒಬ್ಬರು ಕ್ಯಾಪ್ ಹಾಕಿಕೊಂಡು ಬರುವ ರಿಟೈರ್ಡ್ ಕಂಡಕ್ಟರ್ ಅಂತೆ. ಇನ್ನೊಬ್ಬರ ಮೊಣಕೈ ಚರ್ಮ ಹೊಟ್ಟಿನ ಹಾಗೆ ಉದುರುತ್ತದಂತೆ. ಮತ್ತೊಬ್ಬರು ಬಿಳೇಕಹಳ್ಳಿಯಿಂದ ಬಸ್ಸಿನಲ್ಲಿ ಬರುವ, ಎಡಗಾಲು ಎಳೆದು ನಡೆಯುವ ಹೆಂಗಸು. ಎಲ್ಲರೂ ಫೋಟೋ ನೋಡಿ ಸಾರ್ ಹೇಗಿದ್ದಾರೆ ಎಂದು ನಿಮ್ಮನ್ನೇ ಕೇಳಿದರಂತೆ. ಅಂಗಡಿಗೆ ಹಳಬರು, ಈ ಮಾತ್ರೆಗೆ ಹೊಸಬರು. ಶ್ರೀದೇವಿ ಪೊಲೀಸರ ಹತ್ತಿರ ಹೋಗಿದ್ದಾಳೆ, ಆದರೆ ಅವರು ಯಾರನ್ನೆಂದು ಹುಡುಕುತ್ತಾರೆ? ಇವತ್ತು ಎರಡನೇ ಶನಿವಾರ, ಔಷಧ ಇಲಾಖೆಯ ಬಾಗಿಲು ತೆರೆಯುವುದು ಸೋಮವಾರ. ಇವರ ಬೀದಿ, ಮನೆ ಬಲ್ಲವರು ನೀವೊಬ್ಬರೇ. ಆಶ್ರಿತ್, ಸರ್ಟಿಫಿಕೇಟು ಎಲ್ಲ ಆಮೇಲೆ, ದಾರಿಯಿಂದಲೇ ದುಂಡಪ್ಪನ ಫೋನಿನಲ್ಲಿ ಇವರ ಮನೆ ಎಲ್ಲೆಂದು ಹೇಳಿ. ಬಿಳೇಕಹಳ್ಳಿಯವರದು ಮೊದಲು. ಅವರು ನಿನ್ನೆ ಸಂಜೆ ಮತ್ತೆ ಬಂದಿದ್ದರಂತೆ. "ನೋವು ಕಮ್ಮಿ ಆಗಿದೆ, ಇನ್ನೂ ಒಂದು ವಾರದ್ದು ಕೊಡಪ್ಪ" ಎಂದರಂತೆ. ಕೊಟ್ಟಿದ್ದಾನೆ.